ಬೆಳಗಿನ ಜಾವದ ಮಾತು

ಹಾಸಿಗೆ ಹೊಲಿಯುವವರ ಮನೆಯಲ್ಲಿ ನಿದ್ದೆಗೆ ಬರಗಾಲ ಎಂದರೆ ಯಾರಾದರೂ ನಗುತ್ತಾರೆ. ಆ ಬೀದಿಯವರೂ ನಕ್ಕಿದ್ದರು. ನಕ್ಕು ಸುಮ್ಮನಿರದೆ ಆ ಮನೆಯ ಕಿರಿಸೊಸೆಗೆ ಒಂದು ಹೆಸರನ್ನೂ ಇಟ್ಟರು: ಸೈರನ್ನಮ್ಮ. ಊಟ ಮುಗಿಸಿ, ದೀಪ ಆರಿಸಿ, ಬೀದಿ ಇನ್ನೇನು ಕಣ್ಣು ಮುಚ್ಚಬೇಕು ಎನ್ನುವಾಗ ಆ ಮನೆಯಿಂದ ಒಂದು ಕೂಗು ಏಳುತ್ತಿತ್ತು. ಅಂತಿಂಥ ಕೂಗಲ್ಲ; ಎದುರುಮನೆಯ ನಾಯಿ ಮಂಚದಡಿ ಸೇರುವಂಥ ಕೂಗು. "ಸೈರನ್ ಆಯ್ತು, ಇನ್ನು ಮಲಗ್ರಪ್ಪ" ಎಂದು ಎದುರುಮನೆಯ ಮೇಷ್ಟ್ರು ಮಗ್ಗುಲು ಬದಲಿಸುತ್ತಿದ್ದರು. ಕೂಗಿದವಳಿಗೆ ಮಾತ್ರ ಅದರ ಸುಳಿವೇ ಇಲ್ಲ. ಬೆಳಿಗ್ಗೆ ಎದ್ದು, ಮುಖ ತೊಳೆದು, ತಲೆ ಬಾಚಿ ಕೆಲಸಕ್ಕೆ ಕೂತರೆ, ಬೀದಿಯ ಮಕ್ಕಳು ಯಾಕೆ ಕಿಸಿಕಿಸಿ ನಗುತ್ತಿದ್ದಾರೆಂದು ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ.

ಅಂಗಡಿ ಮುಂದಕ್ಕೆ, ಮನೆ ಹಿಂದಕ್ಕೆ, ನಡುವೆ ಹತ್ತಿ ತುಂಬಿಡುವ ಒಂದು ಕೋಣೆ. ಯಜಮಾನಿಕೆ ಅತ್ತೆಯದು. ಅತ್ತೆ ಎಂದರೆ ಅತ್ತೆಯೇ: ಬೀಗದ ಕೈ ಸೊಂಟದಲ್ಲಿ, ಕೋಪ ಮೂಗಿನ ತುದಿಯಲ್ಲಿ. ಹಿರಿಮಗ ಮದುವೆಯಾದ ಕೆಲವೇ ದಿನಕ್ಕೆ ಜ್ವರ ಬಂದು ತೀರಿಕೊಂಡಿದ್ದ. ಅವನ ಹೆಂಡತಿ, ಅಂದರೆ ಸೈರನ್ನಮ್ಮನ ಓರಗಿತ್ತಿ, ತವರಿಗೆ ಹೋಗದೆ ಅಂಗಡಿಯಲ್ಲೇ ಉಳಿದಳು. ಮಕ್ಕಳಿರಲಿಲ್ಲ. ಪಾಪ ಎನ್ನಬೇಕಾದ ಜಾಗ ಇದು. ಎನ್ನುವುದಿಲ್ಲ, ಮುಂದೆ ಕೇಳಿದರೆ ನೀವೂ ಎನ್ನುವುದಿಲ್ಲ. ಕಿರಿಮಗ ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ರಾತ್ರಿ ಕಾವಲುಗಾರ. ಹಗಲು ಮಲಗುವವನು, ಎದ್ದಾಗ ಅಮ್ಮ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕೋಲೆ ಬಸವ. ಅವನ ಹೆಂಡತಿಯೇ ಸೈರನ್ನಮ್ಮ.

ಹಾಸಿಗೆ ಹೊಲಿಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಹತ್ತಿ ತುಂಬಿದ ಚೀಲವನ್ನು ಎತ್ತರದ ಮರದ ಚೌಕಟ್ಟಿನ ಮೇಲೆ ಹಾಸುತ್ತಾರೆ. ಒಬ್ಬಳು ಮೇಲಿನಿಂದ ದಬ್ಬಣ ಇಳಿಸಬೇಕು, ಇನ್ನೊಬ್ಬಳು ಕೆಳಗೆ ಕೂತು, ಮೊನೆ ಕಂಡ ಕೂಡಲೇ ಎಳೆದು, ಬೆರಳಷ್ಟು ಪಕ್ಕಕ್ಕೆ ಸರಿಸಿ ಮತ್ತೆ ಮೇಲಕ್ಕೆ ಚುಚ್ಚಬೇಕು. ಮೇಲಿನವಳು ದಾರ ಬಿಗಿದು ಕುಚ್ಚು ಕಟ್ಟುತ್ತಾಳೆ. ನಡುವೆ ಗೇಣು ದಪ್ಪದ ಹತ್ತಿ, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಮೇಲಿನವಳು "ಬಂತು" ಎನ್ನದೆ ಇಳಿಸಿದರೆ ಕೆಳಗಿನವಳ ಅಂಗೈ ತೂತು. ಓರಗಿತ್ತಿ ಮೇಲೆ, ಸೈರನ್ನಮ್ಮ ಕೆಳಗೆ. ವರ್ಷಗಟ್ಟಲೆ ಹೀಗೇ ನಡೆಯಿತು, ಒಂದು ದಿನವೂ ಓರಗಿತ್ತಿ "ಬಂತು" ಎನ್ನುವುದನ್ನು ಮರೆತವಳಲ್ಲ. ಸೈರನ್ನಮ್ಮ ಅವಳನ್ನು ಕಣ್ಣುಮುಚ್ಚಿ ನಂಬಿದ್ದು ಹಾಗೆ.

ಸೈರನ್ನಮ್ಮನಿಗೆ ಹೆಣ್ಣುಮಗು ಹುಟ್ಟಿತು. ಹಗಲೆಲ್ಲ ಚೌಕಟ್ಟಿನ ಕೆಳಗೆ ಕೆಲಸ, ರಾತ್ರಿಯೆಲ್ಲ ಮಗುವಿನ ಅಳು. ಕೂಗು ಶುರುವಾದದ್ದು ಆಗಲೇ. ಮಲಗಿ ಸ್ವಲ್ಪ ಹೊತ್ತಿಗೆ ಧಡಕ್ಕನೆ ಎದ್ದು ಕೂರುತ್ತಿದ್ದಳು. ಕಣ್ಣು ಬಿಟ್ಟೇ ಇರುತ್ತಿತ್ತು, ಮೈಯೆಲ್ಲ ಬೆವರು, ಎದೆ ಡವಡವ. ಕರೆದರೆ ಯಾರ ಗುರುತೂ ಇಲ್ಲ. ಹಿಡಿದುಕೊಳ್ಳಲು ಹೋದವರನ್ನು ತಳ್ಳಿಬಿಡುತ್ತಿದ್ದಳು. ಹಾಗೆ ಕೂಗಿ ಕೂಗಿ, ಆಮೇಲೆ ಏನೂ ಆಗದವಳಂತೆ ಮಲಗಿ ಗೊರಕೆ ಹೊಡೆಯುತ್ತಿದ್ದಳು.

ಮಗು ಹಾಲು ಬಿಟ್ಟು ಮನೆತುಂಬ ಓಡಾಡತೊಡಗಿತ್ತು. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಓರಗಿತ್ತಿ ಅತ್ತೆಯ ಮುಂದೆ ಕಣ್ಣೊರೆಸಿಕೊಳ್ಳುತ್ತ ಕೂತಳು.

"ಹೇಳ್ಬಾರದು ಅಂದ್ಕೊಂಡಿದ್ದೆ, ಅತ್ತೆ. ಆದ್ರೆ ಮಗು ವಿಷಯ. ಆ ಮೊದಲ ಕೂಗು ಬಿಡಿ, ಅದು ಬೀದಿಗೆಲ್ಲ ಗೊತ್ತು. ಬೆಳಗಿನ ಜಾವ ಇನ್ನೊಂದ್ಸಲ ಏಳ್ತಾಳೆ ಇವಳು. ಆಗ ಕೂಗಲ್ಲ, ಮೆಲ್ಲಗೆ ಮಾತಾಡ್ತಾಳೆ. 'ಈ ಮಗು ನನ್ನ ಪ್ರಾಣ ತಿಂತಿದೆ, ದಬ್ಬಣ ತಂದು ಒಂದೇ ಸಲಕ್ಕೆ ಮುಗಿಸ್ತೀನಿ' ಅಂತಾಳೆ. ಪಕ್ಕದಲ್ಲಿ ಮಲಗೋಳು ನಾನೊಬ್ಬಳೇ ಅಲ್ವಾ, ನನಗೆ ಮಾತ್ರ ಕೇಳಿಸೋದು."

ಬಾಯಿಗೆ ಹೋಗುತ್ತಿದ್ದ ಅತ್ತೆಯ ಲೋಟ ಅರ್ಧದಲ್ಲೇ ನಿಂತಿತು. "ಬೆಳಗಿನ ಜಾವನಾ?"

"ಹೂಂ, ಹಕ್ಕಿ ಕೂಗೋ ಹೊತ್ತು."

"ಬೆಳಗಿನ ಜಾವದ ಕನಸು ಸುಳ್ಳಾಗಲ್ಲ" ಎಂದಳು ಅತ್ತೆ. ಓರಗಿತ್ತಿಗೆ ಬೇಕಾಗಿದ್ದುದೂ ಅದೇ ಮಾತು. ಅತ್ತೆ ಲೆಕ್ಕ ನಂಬುವುದಿಲ್ಲ, ಡಾಕ್ಟರನ್ನು ನಂಬುವುದಿಲ್ಲ, ಬೆಳಗಿನ ಜಾವದ ಕನಸನ್ನು ನಂಬುತ್ತಾಳೆ. ಅದು ಮನೆಯವರಿಗೆಲ್ಲ ಗೊತ್ತಿದ್ದ ವಿಷಯ.

ಹೇಳುವವರು ಹೇಳಿದರೆ ಕೇಳುವವರಿಗೆ ಬುದ್ಧಿ ಬೇಡವೇ ಎನ್ನುತ್ತಾರೆ. ಸರಿಯೇ. ಆದರೆ ಆ ಮಾತನ್ನು ಎಲ್ಲರಿಗಿಂತ ಮೊದಲು ನಂಬಿದವಳು ಸೈರನ್ನಮ್ಮ. ನಂಬದೆ ಏನು ಮಾಡಿಯಾಳು? ಬೀದಿಯೆಲ್ಲ ಎದ್ದು ಕೂರುವ ಹಾಗೆ ತಾನು ಕೂಗುತ್ತೇನೆಂದೇ ಅವಳಿಗೆ ನೆನಪಿಲ್ಲ. ಅಷ್ಟು ದೊಡ್ಡದೇ ನೆನಪಿಲ್ಲದವಳು, ಮೆಲ್ಲಗೆ ಆಡಿದ ಮಾತನ್ನು ಇಲ್ಲ ಎಂದು ಹೇಗೆ ಹೇಳಬೇಕು? "ನಾನಾ? ನಾನು ಹಾಗಂದೆನಾ, ಅಕ್ಕ?" ಎಂದು ಕೇಳಿದಳು. ಓರಗಿತ್ತಿ ಮಗುವನ್ನು ಎದೆಗೆ ಅವುಚಿಕೊಂಡಳು. ಸೈರನ್ನಮ್ಮ ಎದ್ದು, ತನ್ನ ಕೈಯಾರೆ ಮಗುವಿನ ದಿಂಬು, ಬಟ್ಟೆ, ಬಣ್ಣದ ಬೆಕ್ಕಿನ ಬೊಂಬೆ ತಂದು ಓರಗಿತ್ತಿಯ ಮುಂದೆ ಇಟ್ಟಳು.

"ನೀನೇ ಇಟ್ಕೊ, ಅಕ್ಕ. ನನ್ನ ಹತ್ರ ಬಿಡ್ಬೇಡ" ಎಂದಳು.

ಅವತ್ತಿನಿಂದ ಸೈರನ್ನಮ್ಮನ ಮಲಗುವ ಜಾಗ ಹತ್ತಿ ಕೋಣೆ. ಬಾಗಿಲಿಗೆ ಹೊರಗಿನಿಂದ ಚಿಲಕ. ಹಾಕುವವಳು ಓರಗಿತ್ತಿ, ತೆಗೆಯುವವಳೂ ಅವಳೇ, ಮಗುವಿನ ಜೊತೆ ಗೋಡೆಯಾಚೆ ಮಲಗುವವಳೂ ಅವಳೇ. ಗಂಡನಿಗೆ ಹೇಳಿದರೆ ತಲೆಯಾಡಿಸಿದ. "ಮಗು ಚೆನ್ನಾಗಿದ್ರೆ ಸಾಕಲ್ವಾ" ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ಆಗದು. ಅಂಥವರ ಮಾತೆಲ್ಲ ಹಾಗೇ, ಹಿಡಿಯಲು ಹೋದರೆ ಏನೂ ಸಿಗುವುದಿಲ್ಲ.

ಮಗು ಬೆಳೆಯಿತು. ಓರಗಿತ್ತಿಯನ್ನು ದೊಡ್ಡಮ್ಮ ಎನ್ನುತ್ತಿದ್ದ ಬಾಯಿ ಮೆಲ್ಲಗೆ 'ದೊಡ್ಡ' ನುಂಗಿ ಅಮ್ಮ ಎನ್ನತೊಡಗಿತು. ಹೆತ್ತವಳನ್ನು ಏನೆಂದು ಕರೆಯಬೇಕೋ ತಿಳಿಯದೆ, ಓರಗಿತ್ತಿ ಕಲಿಸಿಕೊಟ್ಟಂತೆ ಚಿಕ್ಕಮ್ಮ ಎಂದಿತು. "ಚಿಕ್ಕಮ್ಮನಿಗೆ ನೀರು ಕೊಡು, ಹತ್ರ ಹೋಗ್ಬೇಡ, ಕೆಳಗಿಟ್ಟು ಬಾ." ಹಡೆದ ಹೊಟ್ಟೆಗೆ ಇದನ್ನು ಕೇಳಿ ಹೇಗಾಗಬೇಕು? ಸೈರನ್ನಮ್ಮ ಚೌಕಟ್ಟಿನ ಕೆಳಗೆ ಕೂತು ಹತ್ತಿಯ ಧೂಳು ಬಿತ್ತೆಂದು ಕಣ್ಣುಜ್ಜಿಕೊಳ್ಳುತ್ತಿದ್ದಳು. ಯಾವತ್ತಾದರೂ ಮಗಳು ತಾನಾಗೇ ಬಂದು ಪಕ್ಕದಲ್ಲಿ ಕೂತು, ಇವಳ ಕೈಯಲ್ಲಿ ಜಡೆ ಹಾಕಿಸಿಕೊಂಡರೆ, ಮರುದಿನ ತಿಂಡಿಯ ಹೊತ್ತಿಗೆ ಓರಗಿತ್ತಿಯ ವರದಿ ಸಿದ್ಧ: "ಇವತ್ತು ಬೆಳಗಿನ ಜಾವ ಮತ್ತೆ ಅಂದ್ಲು, ಅತ್ತೆ. ಈ ಸಲ ಇನ್ನೂ ಕೆಟ್ಟದಾಗಿ, ಬಾವಿಗೆ ಹಾಕ್ತೀನಿ ಅಂತ." ಜಡೆ ಹಾಕಿದ ದಿನದ ಮರುದಿನವೇ ಯಾಕೆ ಎಂದು ಯಾರೂ ಕೇಳಲಿಲ್ಲ. ಸೈರನ್ನಮ್ಮ ಕೂಡ. ತನ್ನ ಪ್ರೀತಿಯೇ ವಿಷವಾಗಿ ಹೊರಬರುತ್ತಿದೆ ಎಂದುಕೊಂಡು ಅವಳೇ ಮಗಳನ್ನು ದೂರ ಕಳಿಸತೊಡಗಿದಳು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಗಳು ದೊಡ್ಡ ಶಾಲೆಗೆ ಸೇರಿದ ವರ್ಷ ಅಂಗಡಿಗೆ ಒಂದು ಆಸ್ಪತ್ರೆಯ ಕೆಲಸ ಬಂತು. ಅಲ್ಲಿ ನಿದ್ದೆ ಬಾರದವರನ್ನು, ನಿದ್ದೆಯಲ್ಲಿ ಉಸಿರು ಕಟ್ಟುವವರನ್ನು ತಲೆಗೆಲ್ಲ ವೈರು ಅಂಟಿಸಿ ಮಲಗಿಸಿ, ಪಕ್ಕದ ಕೋಣೆಯಲ್ಲಿ ಕೂತು ನೋಡುತ್ತಾರಂತೆ. ಹಾಸಿಗೆಗಳೆಲ್ಲ ನಡುವೆ ಕುಸಿದಿದ್ದವು. ಅಳತೆ ತರಲು ಸೈರನ್ನಮ್ಮ ಹೋದಳು. ಅಲ್ಲಿದ್ದ ಡಾಕ್ಟರಮ್ಮ ವಾಚಾಳಿ. ಟೇಪು ಹಿಡಿದು ಬಗ್ಗಿದ್ದ ಸೈರನ್ನಮ್ಮನಿಗೆ ಹಾಸಿಗೆಯ ಕಥೆಯ ಜೊತೆಗೆ ರೋಗಿಗಳ ಕಥೆಯನ್ನೂ ಹೇಳುತ್ತಿದ್ದಳು. ಇವಳು ಧೈರ್ಯ ಮಾಡಿದಳು.

"ನಮ್ಮ ಸಂಬಂಧಿಕಳೊಬ್ಬಳಿದ್ದಾಳೆ, ಡಾಕ್ಟ್ರೇ..."

"ಇಲ್ಲಿಗೆ ಬರೋರೆಲ್ಲ ಸಂಬಂಧಿಕರ ಬಗ್ಗೆನೇ ಕೇಳೋದು. ಹೇಳಿ."

ಹೇಳಿದಳು. ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು ಕೇಳಿದಳು.

"ಇದು ಕೆಟ್ಟ ಕನಸಲ್ಲ. ಕನಸೇ ಅಲ್ಲ. ನಿದ್ದೆಯ ದಿಗಿಲು ಅಂತ ಇಟ್ಕೊಳ್ಳಿ. ಮಲಗಿದ ಮೊದಲ ಹೊತ್ತಲ್ಲಿ, ನಿದ್ದೆ ತುಂಬಾ ಆಳಕ್ಕೆ ಇಳಿದಾಗ ಬರುತ್ತೆ. ಮೈ ಅರ್ಧ ಎದ್ದಿರುತ್ತೆ, ಬುದ್ಧಿ ಪೂರ್ತಿ ಮಲಗಿರುತ್ತೆ. ಕಣ್ಣು ತೆರೆದಿರುತ್ತೆ, ಎದುರಿಗಿರೋರು ಕಾಣಲ್ಲ. ಹಿಡ್ಕೊಳ್ಳೋಕೆ ಹೋದ್ರೆ ಜಾಸ್ತಿ ಆಗುತ್ತೆ. ಸುಮ್ನೆ ಪಕ್ಕದಲ್ಲಿದ್ದು, ಬೀಳದ ಹಾಗೆ ನೋಡ್ಕೊಂಡ್ರೆ ಸಾಕು, ತಾನಾಗೇ ಮಲಗ್ತಾರೆ. ಬೆಳಿಗ್ಗೆ ಕೇಳಿದ್ರೆ ಏನೂ ನೆನಪಿರಲ್ಲ. ಮಕ್ಕಳಿಗೆ ಜಾಸ್ತಿ, ದೊಡ್ಡವರಿಗೂ ಬರುತ್ತೆ, ನಿದ್ದೆಗೆಟ್ಟು ದುಡಿಯೋರಿಗೆ ಮುಖ್ಯವಾಗಿ."

"ಕೆಟ್ಟ ಕನಸು ಅಂದ್ರೆ?"

"ಅದು ಬೆಳಗಾಗೋ ಹೊತ್ತಿಗೆ ಜಾಸ್ತಿ. ಹೆದರಿ ಎಚ್ಚರ ಆಗುತ್ತೆ. ಎದ್ದ ಮೇಲೆ ಕಥೆ ಹಾಗೆ ಹೇಳ್ಬಹುದು: ಯಾರೋ ಅಟ್ಟಿಸ್ಕೊಂಡು ಬಂದ್ರು, ನಾನು ಬಿದ್ದೆ, ಹೀಗೆ. ನಿಮ್ಮ ಸಂಬಂಧಿಕಳಿಗೆ ಬೆಳಗಿನ ಕನಸು ನೆನಪಿರುತ್ತಾ?"

ಸೈರನ್ನಮ್ಮ ಯೋಚಿಸಿದಳು. ನೆನಪಿರುತ್ತಿತ್ತು. ಚಪ್ಪಲಿ ಕಳೆದ ಕನಸು, ಬಸ್ಸು ತಪ್ಪಿದ ಕನಸು, ಹಲ್ಲು ಉದುರಿದ ಕನಸು, ಎಲ್ಲ ನೆನಪಿರುತ್ತಿತ್ತು. "ಇರುತ್ತೆ. ಆದ್ರೆ ಬೆಳಗಿನ ಜಾವ ಅವಳು ಆಡೋ ಮಾತು ಮಾತ್ರ ನೆನಪಿರಲ್ಲ. ಅದೇ ಮಾತು, ಉದ್ದುದ್ದ. ಯಾರನ್ನೋ ಕೊಲ್ತೀನಿ ಅಂತ."

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದಳು. "ನಿದ್ದೆಯಲ್ಲಿ ಒಂದೆರಡು ಮಾತು ಯಾರು ಬೇಕಾದ್ರೂ ಬಡಬಡಿಸ್ತಾರೆ. ಆದ್ರೆ ವರ್ಷಗಟ್ಟಲೆ ಅದೇ ಹೊತ್ತಿಗೆ, ಅದೇ ಮಾತು, ಪೂರ್ತಿ ವಾಕ್ಯ? ಅದನ್ನ ಕೇಳಿಸ್ಕೊಳ್ಳೋರು ಯಾರು?"

"ಒಬ್ಬಳೇ."

"ನಾನಾಗಿದ್ರೆ ಮೊದಲು ಅವಳನ್ನ ಪರೀಕ್ಷೆ ಮಾಡ್ತಿದ್ದೆ" ಎಂದು ಡಾಕ್ಟರಮ್ಮ ನಕ್ಕು, ಹಾಸಿಗೆ ಯಾವಾಗ ಸಿಗುತ್ತದೆ ಎಂದು ಕೇಳಿದಳು.

ದಾರಿಯುದ್ದಕ್ಕೂ ಸೈರನ್ನಮ್ಮನ ಕಾಲು ನೆಲದ ಮೇಲಿರಲಿಲ್ಲ. ಆದರೂ ಓರಗಿತ್ತಿಯನ್ನು ಒಮ್ಮೆಲೇ ಅನುಮಾನಿಸಲು ಮನಸ್ಸು ಒಪ್ಪಲಿಲ್ಲ. ಒಂದು ದಿನ ಬೇಕೆಂದೇ ಮಗಳನ್ನು ಕರೆದು ಜಡೆ ಹಾಕಿದಳು. ಮಾರನೆಯ ಬೆಳಗಿನ ಜಾವಕ್ಕೆ ಮುಂಚೆಯೇ ಎದ್ದು, ಹತ್ತಿಯ ಮೂಟೆಗೆ ಒರಗಿ, ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಹಕ್ಕಿ ಕೂಗಿತು. ಹಾಲಿನವನ ಸೈಕಲ್ಲು ಹೋಯಿತು. ಕಿಟಕಿ ಬೆಳ್ಳಗಾಯಿತು. ಅವಳ ಬಾಯಿಂದ ಒಂದು ಕೆಮ್ಮು ಕೂಡ ಬರಲಿಲ್ಲ.

ತಿಂಡಿಯ ಹೊತ್ತಿಗೆ ಓರಗಿತ್ತಿ ನಿಟ್ಟುಸಿರು ಬಿಟ್ಟಳು. "ಇವತ್ತೂ ಅಂದ್ಲು, ಅತ್ತೆ. ಬಾಗಿಲ ಹತ್ರ ಬಂದು ಅಂದ್ಲು. ನನಗೆ ಕೈಕಾಲು ನಡುಗಿಹೋಯ್ತು."

ಸೈರನ್ನಮ್ಮ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು. ಎಲುಬಿಲ್ಲದ ನಾಲಿಗೆ, ಮಗಳ ಬಾಲ್ಯವನ್ನೇ ನೆಕ್ಕಿ ಮುಗಿಸಿತ್ತು. ಮಗಳ ಮೊದಲ ಹಲ್ಲು ಬಿದ್ದದ್ದು, ಮೊದಲು ಅಕ್ಷರ ಬರೆದದ್ದು, ಜ್ವರದಲ್ಲಿ ಅಮ್ಮಾ ಎಂದು ನರಳಿದ್ದು, ಎಲ್ಲವನ್ನೂ ಇವಳು ಗೋಡೆಯಾಚೆಯಿಂದ ಕೇಳಿಸಿಕೊಂಡವಳು. ಆ ಕ್ಷಣಕ್ಕೆ ಅವಳಿಗೆ ಅಳು ಬರಲಿಲ್ಲ. ಇವಳನ್ನು ಬಿಡುವುದಿಲ್ಲ ಎಂದುಕೊಂಡಳು. ಅಷ್ಟೇ. ಅಷ್ಟು ಗಟ್ಟಿಯಾಗಿ ಅವಳು ಜೀವಮಾನದಲ್ಲಿ ಏನನ್ನೂ ಅಂದುಕೊಂಡಿರಲಿಲ್ಲ.

'ನಾನು ಎದ್ದೇ ಇದ್ದೆ, ಇವಳು ಸುಳ್ಳಿ' ಎಂದು ಅಲ್ಲೇ ಕೂಗಬಹುದಿತ್ತು. ಕೂಗಿದರೆ ಯಾರು ನಂಬುತ್ತಾರೆ? ಒಂದು ಕಡೆ ಮಗು ಸಾಕಿದ ಮಹಾತಾಯಿ, ಇನ್ನೊಂದು ಕಡೆ ಸೈರನ್ನಮ್ಮ. ನಾಲ್ಕು ದಿನ ಚೌಕಟ್ಟಿನ ಕೆಳಗೆ ಕೂತು, ದಬ್ಬಣ ಎಳೆಯುತ್ತ, ತಳ್ಳುತ್ತ ಯೋಚಿಸಿದಳು. ಮೇಲೆ ಓರಗಿತ್ತಿಯ ಭಾರಕ್ಕೆ ಹಾಸಿಗೆ ತಗ್ಗಿದ್ದು ಕಾಣುತ್ತಿತ್ತು. ಕೈಯಲ್ಲಿ ಮೊಳದುದ್ದದ ದಬ್ಬಣ. ಕೆಟ್ಟ ಯೋಚನೆಯೂ ಬಂದು ಹೋಯಿತು, ಬರಲಿಲ್ಲ ಎಂದರೆ ಸುಳ್ಳು. ಆದರೆ ಚುಚ್ಚಿದರೆ ಓರಗಿತ್ತಿಯ ಸುಳ್ಳೇ ನಿಜವಾಗಿಬಿಡುತ್ತದೆ. ಅವಳಿಗೆ ಅಷ್ಟು ಸುಲಭದ ಬಿಡುಗಡೆ ಯಾಕೆ ಕೊಡಬೇಕು?

ಐದನೆಯ ದಿನ ಅತ್ತೆಯ ಕಾಲ ಬಳಿ ಕೂತಳು. "ನನ್ನ ಬಾಯಿಂದ ಏನು ಬರುತ್ತೆ ಅಂತ ನಿಮ್ಮ ಕಿವಿಯಿಂದಲೇ ಒಂದ್ಸಲ ಕೇಳಿ, ಅತ್ತೆ. ನನ್ನ ಕೋಣೆ ಬಾಗಿಲ ಹತ್ರ ಮಲಗಿ. ನನಗೂ ಒಂದು ಸಮಾಧಾನ."

"ಬೇಡ ಅತ್ತೆ, ನಿಮಗೆ ಮೊದಲೇ ಸೊಂಟನೋವು" ಎಂದಳು ಓರಗಿತ್ತಿ.

"ಹಾಸಿಗೆ ಅಂಗಡಿ ಇಟ್ಕೊಂಡು ಸೊಂಟಕ್ಕೆ ಹೆದರ್ಲಾ?" ಎಂದು ಅತ್ತೆ ಹಾಸಿಗೆ ಎತ್ತಿಸಿದಳು. ಓರಗಿತ್ತಿಯೂ ಮಗಳ ಜೊತೆ ಅಲ್ಲೇ ಪಕ್ಕದಲ್ಲಿ ಹಾಸಿಕೊಂಡಳು. ಅವಳಿಗೇನು ಭಯ? ಬೆಳಗಿನ ಜಾವ ಏನೂ ಕೇಳಿಸದಿದ್ದರೆ, ಇವತ್ತು ಅನ್ನಲಿಲ್ಲ ಎಂದರಾಯಿತು.

ಹಕ್ಕಿ ಕೂಗುವ ಹೊತ್ತಿಗೆ ಒಳಗಿನಿಂದ ದನಿ ಬಂತು. ಮೆಲ್ಲಗೆ, ಓರಗಿತ್ತಿ ಇಷ್ಟು ವರ್ಷ ವರ್ಣಿಸಿದಂತೆಯೇ.

"ಅತ್ತೇ... ಅಕ್ಕ ಬೀಗದ ಕೈ ಕಸ್ಕೊಂಡ್ಲು... ಅತ್ತೆನ ಬೀದಿಗೆ ಹಾಕಿದ್ಲು... ಅಯ್ಯೋ, ಅತ್ತೆಗೆ ಹೊದೆಯೋಕೂ ಕೊಡ್ಲಿಲ್ಲ..."

ಅತ್ತೆಯ ಕೈ ಸೊಂಟಕ್ಕೆ ಹೋಯಿತು. ಓರಗಿತ್ತಿ ಎದ್ದು ಕೂತಳು, ಬಾಯಿ ತೆರೆದಳು, ಮುಚ್ಚಿದಳು. ಏನೆಂದು ಹೇಳುವುದು? ಇದು ನಾಟಕ ಎಂದು, ಆಡುವವಳನ್ನು ಬಿಟ್ಟರೆ, ಪ್ರಪಂಚದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಬೆಳಗಿನ ಜಾವ ಇವಳು ಬಾಯಿ ಬಿಟ್ಟವಳೇ ಅಲ್ಲ ಎಂದು ಗೊತ್ತಿದ್ದವಳೂ ಅವಳೊಬ್ಬಳೇ. ಹೇಳಿದರೆ ಹಳೆಯದೆಲ್ಲ ಬೀಳುತ್ತದೆ, ಹೇಳದಿದ್ದರೆ ಈ ಕನಸು ಅವಳ ಕೊರಳಿಗೆ ಬೀಳುತ್ತದೆ. ಬಾಯಲ್ಲಿ ಬಿಸಿತುಪ್ಪ.

ಅವತ್ತು ಅತ್ತೆ ಬೀಗದ ಕೈಯನ್ನು ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟಿಕೊಂಡಳು. ಗಿರಾಕಿಗಳ ಹಣ ಹಿರಿಸೊಸೆಯ ಕೈಗೆ ಹೋಗದಂತೆ ತಾನೇ ಗಲ್ಲಾಪೆಟ್ಟಿಗೆಯ ಮುಂದೆ ಕೂತಳು. ಮರುದಿನ ಬೆಳಗ್ಗೆ ಒಳಗಿನ ದನಿ, "ಅತ್ತೆ, ಆ ನೀರು ಕುಡೀಬೇಡಿ, ಅಕ್ಕ ಕೊಟ್ಟಿದ್ದು ಕುಡೀಬೇಡಿ" ಎಂದಿತು. ಅತ್ತೆ ಹಿರಿಸೊಸೆ ಕೊಟ್ಟ ಲೋಟವನ್ನು ಮೂಸಿ ನೋಡಿ ಗಿಡಕ್ಕೆ ಚೆಲ್ಲಿದಳು. ಓರಗಿತ್ತಿ ಕಟ್ಟುವ ಕುಚ್ಚುಗಳು ಸಡಿಲಾದವು. ಕೆಳಗೆ ಕೂತ ಸೈರನ್ನಮ್ಮ ಅದನ್ನೆಲ್ಲ ಮದುವೆ ಊಟದ ಹಾಗೆ ಸವಿದಳು. ಮೇಲಿನಿಂದ ಒಂದು ಸಲ ಓರಗಿತ್ತಿಯ ದನಿ ಇಳಿಯಿತು: "ಏನಾಗಿದೆ ನಿನಗೆ?" ಸೈರನ್ನಮ್ಮ, "ನನಗೇನು ಗೊತ್ತು, ಅಕ್ಕ? ನನಗೆ ನೆನಪೇ ಇರಲ್ವಲ್ಲ" ಎಂದಳು. ಇಷ್ಟು ವರ್ಷದಲ್ಲಿ ಅವಳಿಗೆ ಆ ಮಾತು ಹೇಳಿ ಖುಷಿಯಾದದ್ದು ಅದೇ ಮೊದಲು.

ಮೂರನೆಯ ಬೆಳಗಿನ ಜಾವ ದನಿ ಇನ್ನೂ ಮುಂದಕ್ಕೆ ಹೋಯಿತು. "ಅತ್ತೆ ನಿದ್ದೆಯಲ್ಲಿದ್ದಾರೆ... ಅಕ್ಕ ದಿಂಬು ತಂದ್ಲು..." ಎನ್ನುವಷ್ಟರಲ್ಲಿ ಅತ್ತೆ ಹಾಸಿಗೆಯನ್ನು ಎಳೆದುಕೊಂಡು ದೂರ ಸರಿದಳು. ಓರಗಿತ್ತಿಗೆ ತಡೆಯಲಾಗಲಿಲ್ಲ.

"ಸುಳ್ಳು, ಅತ್ತೆ. ನಾಟಕ ಆಡ್ತಿದ್ದಾಳೆ. ಇವಳು ಬೆಳಗಿನ ಜಾವ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಕಲ್ಲಿನ ಹಾಗೆ ಮಲಗಿರ್ತಾಳೆ."

"ನಿನಗೆ ಹೇಗೆ ಗೊತ್ತು?"

"ಇಷ್ಟು ವರ್ಷ ಪಕ್ಕದಲ್ಲಿ..." ಎಂದವಳು ಅಲ್ಲೇ ನಿಂತಳು.

ಹೊರಗೆ ಹಾಲಿನವನ ಸೈಕಲ್ಲು ಹೋದದ್ದು ಎಲ್ಲರಿಗೂ ಕೇಳಿಸಿತು. ಅತ್ತೆಗೆ ಸೊಂಟನೋವಿತ್ತೇ ಹೊರತು ಬುದ್ಧಿಗೆ ನೋವಿರಲಿಲ್ಲ. "ಕಲ್ಲಿನ ಹಾಗೆ ಮಲಗಿರ್ತಾಳೆ. ಮತ್ತೆ ನೀನು ತಿಂಡಿ ಹೊತ್ತಿಗೆ ತಂದು ಬಡಿಸ್ತಿದ್ದೆಯಲ್ಲ, ಅದೆಲ್ಲ ಯಾರು ಹೇಳಿದ್ದು?"

ಒಳಗಿನಿಂದ, ನಿದ್ದೆಯ ಸುಳಿವೇ ಇಲ್ಲದ ದನಿಯಲ್ಲಿ ಸೈರನ್ನಮ್ಮ ಹೇಳಿದಳು: "ಚಿಲಕ ತೆಗೀರಿ, ಅತ್ತೆ. ನಾನು ಎದ್ದೇ ಇದ್ದೀನಿ. ಅವತ್ತೂ ಎದ್ದೇ ಇದ್ದೆ."

ಅವಳು ಹೊರಗೆ ಬಂದು ಕೂಗಾಡಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ಅತ್ತೆಗೆ ಬಿಡಿಸಿ ಹೇಳಿದಳು. ತಾನು ಎಚ್ಚರ ಕೂತ ಬೆಳಗಿನ ಕಥೆ ಹೇಳಿದಳು. ಓರಗಿತ್ತಿಯನ್ನು ಮನೆಯಿಂದ ಓಡಿಸಿ ಎನ್ನಲಿಲ್ಲ. ಓಡಿಸಿದರೆ ದೂರ ಎಲ್ಲೋ ಕೂತು ತನ್ನ ಪಾಡಿಗೆ ಅಳುತ್ತಾಳೆ, ಅದು ಯಾರಿಗೆ ಬೇಕು? "ಇವಳು ಇಲ್ಲೇ ಇರ್ಲಿ. ನನ್ನ ಬಾಯಿಗೆ ಹಾಕಿದ ಒಂದೊಂದು ಮಾತನ್ನೂ ಇವಳ ಬಾಯಿಂದ ವಾಪಸ್ ತಗೊಳ್ಳಿ. ಅಂಗಡಿಯಲ್ಲಿ, ಹಗಲಲ್ಲಿ, ಮಗಳ ಮುಂದೆ" ಎಂದಳು.

ಶಾಲೆಗೆ ಹೊರಡುವ ಮುಂಚೆ ಮಗಳನ್ನು ಚೌಕಟ್ಟಿನ ಬಳಿ ನಿಲ್ಲಿಸಿದರು. ಕೆಲಸ ಮುಗಿಸಿ ಬಂದ ಗಂಡ ಕೈಯಲ್ಲಿ ಟಾರ್ಚು ಹಿಡಿದೇ ನಿಂತಿದ್ದ. ಓರಗಿತ್ತಿ ನೆಲ ನೋಡುತ್ತ ಹೇಳಿದಳು: "'ದಬ್ಬಣ ತಂದು ಮುಗಿಸ್ತೀನಿ' ಅಂದಿದ್ದು ನಾನು ಕಟ್ಟಿದ್ದು. 'ಪ್ರಾಣ ತಿಂತಿದೆ' ಅಂದಿದ್ದೂ ನಾನು ಕಟ್ಟಿದ್ದು." ಸೈರನ್ನಮ್ಮ ಬಿಡಲಿಲ್ಲ. "ಜಡೆ ಹಾಕಿದ ಮರುದಿನ ಅಂದಿದ್ದು?" "ಅದೂ ನಾನೇ." "ಬಾವಿಗೆ ಹಾಕ್ತೀನಿ ಅಂದಿದ್ದು?" "ನಾನೇ." ಒಂದೊಂದನ್ನೂ ನೆನಪಿಸಿ, ಹೇಳಿಸಿ, ಕೊನೆಗೆ ಕೇಳಿದಳು: "ಯಾಕೆ?" ಓರಗಿತ್ತಿ ತಲೆ ಎತ್ತಿ ಮಗಳ ಕಡೆ ನೋಡಿದಳು. "ನನಗೆ ಬೇಕಾಗಿತ್ತು" ಎಂದಳು. ಸುಳ್ಳಿಲ್ಲದ ಮಾತು ಅವಳ ಬಾಯಿಂದ ಬಂದದ್ದು ಅದೊಂದೇ ಇರಬೇಕು. ಆದರೂ ಸೈರನ್ನಮ್ಮನಿಗೆ ಕನಿಕರ ಹುಟ್ಟಲಿಲ್ಲ. ಹೊಟ್ಟೆ ತಣ್ಣಗಾಯಿತು.

ಗಂಡ ಕೆಮ್ಮಿದ. "ಮೊದಲೇ ಹೇಳಿದ್ರೆ..." ಎಂದ. "ನೀವು ಹೋಗಿ ಮಲಗಿ" ಎಂದಳು ಅವಳು. ಅವನು ತಲೆಯಾಡಿಸಿ ಹೋದ.

ಮಗಳು ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ. ಹೆತ್ತವಳ ಕಡೆ ತಿರುಗಿ ಕೇಳಿದಳು: "ಈ ಮೂರು ದಿನ ನೀವು ಅಂದಿದ್ದು?"

"ನಾಟಕ" ಎಂದಳು ಸೈರನ್ನಮ್ಮ.

"ನನಗೆ ಎಷ್ಟು ಹೆದರಿಕೆ ಆಯ್ತು ಗೊತ್ತಾ? ಅಂದ್ರೆ ಇಬ್ರೂ ಸುಳ್ಳೇ ಹೇಳಿದ್ದು" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಅದು ಸರಿಯಾಗಿ ತಾಗಿತು. ದಿನವಿಡೀ ಸೈರನ್ನಮ್ಮನ ಎದೆಯಲ್ಲಿ ಅದೇ ಮಾತು ಕುದಿಯಿತು. ಸಂಜೆ ಮಗಳು ತನ್ನ ಹಾಸಿಗೆ ಸುತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಇತ್ತ ಇವಳ ಕಡೆಗೂ ಇಲ್ಲ, ಅತ್ತ ಅವಳ ಕಡೆಗೂ ಇಲ್ಲ. ಓರಗಿತ್ತಿಯ ಪಕ್ಕದ ಜಾಗ ಖಾಲಿಯಾದದ್ದನ್ನು ಸೈರನ್ನಮ್ಮ ನಿಂತು ನೋಡಿದಳು. ತನಗೆ ಸಿಗಲಿಲ್ಲ, ಸರಿ. ಅವಳಿಗೂ ಇಲ್ಲವಲ್ಲ. ಹೀಗಂದುಕೊಂಡರೂ ಊಟ ಸೇರಲಿಲ್ಲ. ತಿರುಪುಳಿ ತಂದು ಹತ್ತಿ ಕೋಣೆಯ ಚಿಲಕವನ್ನು ಬಿಚ್ಚಿ ಹಳೆಯ ಕಬ್ಬಿಣಕ್ಕೆ ಹಾಕಿದಳು. ಅತ್ತೆಗೆ ಹೇಳಿದಳು: "ರಾತ್ರಿ ಕೂಗಿದ್ರೆ ಹಿಡ್ಕೋಬೇಡಿ, ಎಬ್ಬಿಸ್ಬೇಡಿ. ಬೀಳದ ಹಾಗೆ ನೋಡ್ಕೊಂಡ್ರೆ ಸಾಕು." ಬಾಗಿಲ ಮರೆಯಲ್ಲಿ ಮಗಳು ಕೇಳಿಸಿಕೊಳ್ಳುತ್ತಿದ್ದಳು.

ಬೆಳಿಗ್ಗೆ ಅಂಗಡಿಯಲ್ಲಿ ಜಾಗ ಬದಲಾಗಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಓರಗಿತ್ತಿಯರಿಗೂ ಹಾಗೇ. ಸೈರನ್ನಮ್ಮ ಮೇಲೆ ಕೂತಳು, ಓರಗಿತ್ತಿ ಕೆಳಗೆ. ಆಸ್ಪತ್ರೆಯ ಹಾಸಿಗೆಗಳು ಅವತ್ತು ಮುಗಿಯಬೇಕಿತ್ತು. ಹತ್ತಿ ಹಿಂಜುವ ಯಂತ್ರ ಗಡಗಡ ಎನ್ನುತ್ತಿತ್ತು. ಮಗಳು ಶಾಲೆಯ ಬಟ್ಟೆಯಲ್ಲೇ ಬಂದು ಚೌಕಟ್ಟಿನ ಪಕ್ಕ ನಿಂತಳು. ಕಣ್ಣು ಕೆಂಪಾಗಿತ್ತು.

"ರಾತ್ರಿ ಕೂಗಿದೆ ನೀನು" ಎಂದಳು.

ಸೈರನ್ನಮ್ಮನ ಕೈ ನಿಂತಿತು. ಇಷ್ಟು ವರ್ಷ ಆ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತಿತ್ತು. "ನಾನೇನಂದೆ?" ಎಂದು ಕೇಳಿದಳು.

"ಏನೂ ಅನ್ಲಿಲ್ಲ. ಮಾತೇ ಇರ್ಲಿಲ್ಲ. ನೀನು ಸುಮ್ನೆ ಹೆದರಿದ್ದೆ. ತುಂಬಾ ಹೆದರಿದ್ದೆ."

"ಅಷ್ಟೇನಾ?"

"ಅಷ್ಟೇ. ಆಮೇಲೆ ನೀನು ಮಲ್ಕೊಂಡೆ. ನಾನು ಬಾಗಿಲಲ್ಲೇ ಕೂತಿದ್ದೆ." ಮಗಳು ಹತ್ತಿಯ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡಳು. "ದೊಡ್ಡಮ್ಮ ಎದ್ದು ಬಂದ್ರು. ನಾನು ಹಿಡ್ಕೋತೀನಿ, ನನಗೆ ಅಭ್ಯಾಸ ಇದೆ ಅಂದ್ರು. ನಾನು ಒಳಗೆ ಬಿಡ್ಲಿಲ್ಲ."

"ಯಾಕೆ?"

"ಅವರಿಗೇನು ಕೆಲಸ ಅಲ್ಲಿ?"

ಚೌಕಟ್ಟಿನ ಕೆಳಗೆ ಓರಗಿತ್ತಿ ಅಲುಗಾಡಲಿಲ್ಲ. ಸೈರನ್ನಮ್ಮನಿಗೆ ಮಾತು ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೂ ಕಿವಿಗೆ ಕೈ ಹಿಡಿದು ಬಗ್ಗಿದಳು.

"ಯಂತ್ರದ ಸದ್ದು, ಕೇಳಿಸ್ಲಿಲ್ಲ. ಏನಂದೆ?"

ಮಗಳು ಜೋರಾಗಿ ಇನ್ನೊಮ್ಮೆ ಹೇಳಿದಳು.